ಫೀಲಾಳ ಸೀಮೆಯಲ್ಲಿ ಒಂದು ದಿನ

ದಕ್ಷಿಣ ಆಫ್ರಿಕಾದಲ್ಲಿರುವ ಅಣ್ಣನ ಮನೆಗೆ ಹೋಗಿದ್ದಾಗ ನೈಸ್ನಾ ಕಾಡಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದೆ. ಅಲ್ಲಿನ ಆಫ್ರಿಕಾನ್ಸ್ ಭಾಷೆಯ ಕಾದಂಬರಿಗಾರ್ತಿ ಡಾಲೀನ್ ಮತೀ ತೀರಿಕೊಂಡದ್ದು 2005ರಲ್ಲಿ. ಅವರ ಸ್ಮಾರಕ ಈ ಕಾಡಿನ ಕ್ರಿಸ್ಯಾನ್ ಸೆ ನೆಕ್ ಎಂಬಲ್ಲಿದೆ. ಪಕ್ಕದಲ್ಲೇ 800 ವರ್ಷಕ್ಕೂ ಹಳೆಯದೆನ್ನುವ ಯೆಲ್ಲೋವುಡ್ ಮರ. ಬೆಳಗ್ಗಿನಿಂದ ಸಣ್ಣಗೆ ಮಳೆ ಜಿನುಗುತ್ತಿತ್ತು. ಕಾಲುದಾರಿಯ ತುಂಬ ಜರೀಗಿಡಗಳು.

1984ರಲ್ಲಿ ಬಂದ ಅವರ ಮೊದಲ ಅರಣ್ಯ ಕಾದಂಬರಿಯಲ್ಲಿ ಮರ ಕಡಿಯುವವರ ಮಗ ಸಾಲ್ ಬರ್ನಾರ್ಡ್ ಮತ್ತು ‘ಮುದಿಗಾಲ’ ಎಂಬ ಸಲಗ ಇಬ್ಬರೂ ಬೇಟೆಗೆ ಗುರಿಯಾದವರೇ. ಈ ಕಾಡಿನ ಆನೆಗಳ ಪೈಕಿ ಒಂದು ಹೆಣ್ಣಾನೆ ಮಾತ್ರ ಉಳಿದಿದೆ ಎಂದು 2019ರ ಅಧ್ಯಯನ ಹೇಳಿತು. ಮರ ಕಡಿಯುವವರದ್ದೂ ಸುಖದ ಬಾಳಲ್ಲ. ನಾಟಾ ವ್ಯಾಪಾರಿಗಳ ಸಾಲ ತೀರುತ್ತಲೇ ಇರಲಿಲ್ಲ. 1939ರಲ್ಲಿ ಸರ್ಕಾರ ವರ್ಷಕ್ಕೆ 25 ಪೌಂಡ್ ಪಿಂಚಣಿ ಗೊತ್ತುಮಾಡಿ ಅವರನ್ನು ಕಾಡಿನ ಕೆಲಸದಿಂದ ಬಿಡಿಸಿತು. ಮತೀ ಕಾಡನ್ನು ಬರೆದದ್ದು ಇವರೆಲ್ಲರನ್ನೂ ಒಳಗಿಟ್ಟುಕೊಂಡು. ಅದಕ್ಕೇ ಅವರ ಬಗ್ಗೆ ನನಗೆ ಇಷ್ಟು ಗೌರವ.

ಆದರೆ ನನ್ನ ಮನಸ್ಸು ಇದ್ದದ್ದು ಫೀಲಾಳ ಮೇಲೆ. ಮತೀಯವರ 1985ರ ಕಾದಂಬರಿಯ ನಾಯಕಿ ಅವಳು. ಬೆಟ್ಟದ ಆಚೆ, ಲಾಂಗ್‌ಕ್ಲೂಫ್‌ನಲ್ಲಿ, ‘ಕಲರ್ಡ್’ (ಮಿಶ್ರ ಜನಾಂಗದವರನ್ನು ಅಲ್ಲಿ ಹಾಗೆ ಕರೆಯುತ್ತಾರೆ) ಹೆಂಗಸು ಫೀಲಾ ತನ್ನ ಬಾಗಿಲಿಗೆ ಬಂದ ಬಿಳಿಯ ಕೂಸನ್ನು ಬೆಂಜಮಿನ್ ಎಂದು ಹೆಸರಿಟ್ಟು ಸಾಕುತ್ತಾಳೆ. ಜನಗಣತಿಯವರು ಬಂದು ಹುಡುಗನ ಬಣ್ಣ ನೋಡುತ್ತಾರೆ. ಕಾಡಿನಲ್ಲಿ ಮಗುವನ್ನು ಕಳೆದುಕೊಂಡ ಫಾನ್ ರೂಯೆನ್ ಕುಟುಂಬಕ್ಕೆ ಕೋರ್ಟು ಅವನನ್ನು ಒಪ್ಪಿಸುತ್ತದೆ. ಫೀಲಾ ಬೆಟ್ಟ ಹತ್ತಿಳಿದು ನಡೆದುಕೊಂಡೇ ಅವನಿಗಾಗಿ ಬರುತ್ತಾಳೆ. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದಲ್ಲಿ. ಪುಸ್ತಕ ಹೊರಬಂದಾಗ, ಪ್ರತಿಯೊಬ್ಬರನ್ನೂ ಜನಾಂಗದ ಪ್ರಕಾರ ದಾಖಲಿಸುವ 1950ರ ಕಾನೂನು ಇನ್ನೂ ಜಾರಿಯಲ್ಲಿತ್ತು. ಅಂಥ ಹೊತ್ತಿನಲ್ಲಿ, ಸಾಮಾನ್ಯ ಓದುಗರೆಲ್ಲ ಕೈಗೆತ್ತಿಕೊಳ್ಳುವ ಆಫ್ರಿಕಾನ್ಸ್ ಕಾದಂಬರಿಯೊಂದು ಫೀಲಾಳನ್ನು ತಾಯಿಯಾಗಿ ನಿಲ್ಲಿಸಿತು. ಮತೀಯವರನ್ನು ಬರೀ ‘ಕಾಡಿನ ಕಥೆಗಾರ್ತಿ’ ಎಂದು ಬದಿಗಿಡುವುದನ್ನು ನಾನು ಒಪ್ಪಲಾರೆ.

ನಮ್ಮ ಜೊತೆ ಬಂದ ಗೈಡ್‌ನ ಮನೆಮಾತು ಆಫ್ರಿಕಾನ್ಸ್. ಶಾಲೆಯಲ್ಲಿ ಈ ಪುಸ್ತಕ ಪಠ್ಯವಾಗಿತ್ತಂತೆ. “ಪರೀಕ್ಷೆಗೆಂದು ಓದಿದೆ. ಅಮ್ಮ ನನ್ನಿಂದ ಕಿತ್ತುಕೊಂಡು ಎರಡು ಸಲ ಓದಿದಳು” ಎಂದರು.

ವಾಪಸ್ ಬರುವಾಗ ಕಾರಿನಲ್ಲಿ ಅತ್ತಿಗೆ, ಕಾದಂಬರಿಯಲ್ಲಿ ಮಗು ಕಳೆದುಕೊಂಡ ತಾಯಿ ಬಾರ್ಟಾ ಫಾನ್ ರೂಯೆನ್‌ಳ ಪರ ವಹಿಸಿದರು. “ಅವಳೂ ಮಗು ಕಳಕೊಂಡವಳು ಕಣೇ, ಬಡವಿ. ಸಾಹೇಬರ ಮುಂದೆ ನಿಂತು ಇವನು ನನ್ನ ಮಗ ಅಲ್ಲ ಅನ್ನೋಕೆ ಅವಳಿಗೆ ಆಗ್ತಿತ್ತಾ?”

“ಅವಳನ್ನ ನಾನೆಲ್ಲಿ ಬೈದೆ ಅತ್ತಿಗೆ? ಆ ಗಣತಿಯವರನ್ನ ಮಾತ್ರ ಬಿಡಲ್ಲ” ಎಂದೆ. ಜಾರ್ಜ್ ಊರು ಬರುವ ತನಕ ಮಾತು ನಿಲ್ಲಲಿಲ್ಲ. ಪುಸ್ತಕ ಓದಿರದ ಅಣ್ಣ, ಮನೆಗೆ ಹೋದ ಮೇಲೆ ಮೊದಲು ತನಗೆ ಕೊಡಬೇಕೆಂದು ಕೇಳಿಟ್ಟ.