ಕ್ರಿಮಿ ಕೊಲ್ಲೋ ಕೋಟಿಂಗು, ಕಲಬುರಗಿ ಧೂಳು

ಬಾಗಿಲು, ಮಂಚಕ್ಕೆ ಹಚ್ಚಿದ್ರೆ ಮುಟ್ಟಿದ ಕ್ರಿಮಿ ಸಾಯುತ್ತೆ ಅಂತ ಮಾರೋ ಕೋಟಿಂಗುಗಳು ಸುಳ್ಳಲ್ಲ, ಮೊದಲೇ ಹೇಳಿಬಿಡ್ತೇನೆ. ನರ್ಸಿಂಗ್ ಹೋಮ್ ನಡೆಸುವ ಗೆಳೆಯನೊಬ್ಬ ಇಂಥದೊಂದರ ಬ್ರೋಷರ್ ಕಳಿಸಿ "ನೀ ಕೆಮಿಸ್ಟ್ರಿ ಓದಿದಾವ, ಹೇಳಪಾ, ಬಾಗಲಾ ಮಂಚ ಎಲ್ಲಾದಕ್ಕೂ ಇದನ್ನ ಹಚ್ಚಸ್ಲೋ ಬ್ಯಾಡೋ?" ಅಂತ ಕೇಳಿದ್ದ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲೇ. ಇಂಥ ಮಾಲಿಗೆ ಇಲ್ಲಿ ಗಿರಾಕಿ ಬೇಗ ಸಿಗ್ತಾರೆ.

ಇದು ಕೆಲಸ ಮಾಡೋ ರೀತಿ ನಿಜಕ್ಕೂ ಚೆಂದ. ಬ್ಯಾಕ್ಟೀರಿಯಾದ ಹೊರಪೊರೆಗೆ ಮೈನಸ್ ಚಾರ್ಜ್ ಇರುತ್ತೆ. ಕೋಟಿಂಗಿನ ಪಾಲಿಮರ್‌ನಲ್ಲಿ, ಅಂದ್ರೆ ಸರಪಳಿಯಂಥ ಉದ್ದ ಅಣುವಿನಲ್ಲಿ, ಪ್ಲಸ್ ಚಾರ್ಜಿನ ನೈಟ್ರೋಜನ್, ಅದಕ್ಕೊಂದು ಎಣ್ಣೆ ಗುಣದ ಉದ್ದ ಬಾಲ. ಚಾರ್ಜ್ ಹತ್ತಿರ ಎಳೆಯುತ್ತೆ, ಬಾಲ ಪೊರೆಯೊಳಗೆ ತೂರುತ್ತೆ, ಪೊರೆ ಹರಿದು ಒಳಗಿದ್ದದ್ದು ಸೋರಿಹೋಗುತ್ತೆ. ಯಾವ ಔಷಧಿಯೂ ಹೊರಗೆ ಬರೋದಿಲ್ಲ, ಮುಟ್ಟಿದ್ದು ಸಾಯುತ್ತೆ ಅಷ್ಟೇ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಕ್ಲಿಬನೋವ್ ಅವರ ತಂಡ ಗಾಜಿನ ಮೇಲೆ ಇದನ್ನು ಮಾಡಿ ತೋರಿಸಿತು. 2006ರಲ್ಲಿ ಬೇರೆ ಪಾಲಿಮರ್ ಬಳಿದು, ಫ್ಲೂ ವೈರಸ್ಸನ್ನು ಕೆಲವೇ ನಿಮಿಷಗಳಲ್ಲಿ ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಸಿದರು. ಆ ಪೇಪರಿನ ಮೊದಲ ಲೇಖಕ ಜಯಂತ ಹಲ್ದಾರ್ ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರಕ್ಕೆ ಬಂದರು. ಯುವಿ ಬೆಳಕು ಹಾಯಿಸಿದರೆ ಬಟ್ಟೆಗೆ, ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಕೂತುಬಿಡೋ ಲೇಪವನ್ನ ಅವರ ಲ್ಯಾಬಿನವರು ಮಾಡಿದ್ದಾರೆ.

ನನ್ನ ತಕರಾರು ಬ್ರೋಷರಿನಲ್ಲಿರೋ, 99.9 ಪರ್ಸೆಂಟ್ ಬ್ಯಾಕ್ಟೀರಿಯಾ ಸಾಯುತ್ತೆ ಅನ್ನೋ ಮಾತಿನ ಬಗ್ಗೆ. ಕೆಳಗೆ ಸಣ್ಣಕ್ಷರದಲ್ಲಿ ಐಎಸ್‌ಒ 22196 ಅಂತಿದೆ, ಅದು ಇಂಥ ಕೋಟಿಂಗು ಪರೀಕ್ಷೆ ಮಾಡೋ ಒಂದು ಅಂತರರಾಷ್ಟ್ರೀಯ ಟೆಸ್ಟ್. ಆ ಟೆಸ್ಟಿನಲ್ಲಿ ಬ್ಯಾಕ್ಟೀರಿಯಾ ಇರುವ ನೀರನ್ನು ಮೇಲೆ ಹಾಕಿ, ತೆಳು ಹಾಳೆ ಮುಚ್ಚಿ, 35 ಡಿಗ್ರಿಯಲ್ಲಿ, 90 ಪರ್ಸೆಂಟಿಗಿಂತ ಕಮ್ಮಿಯಿಲ್ಲದ ತೇವದಲ್ಲಿ 24 ಗಂಟೆ ಇಡ್ತಾರೆ. ನಮ್ಮೂರ ಬೇಸಿಗೆಯಲ್ಲಿ 35 ಡಿಗ್ರಿಗೇನೂ ಬರವಿಲ್ಲ, ತೇವ ಎಲ್ಲಿಂದ ತರೋದು? ಬಾಗಿಲ ಹಿಡಿಕೆಯನ್ನ ಒಬ್ಬ ಕೆಮ್ಮಿದ ಕೈಯಲ್ಲಿ ಹಿಡಿದು ಬಿಟ್ಟ ಅರ್ಧ ನಿಮಿಷಕ್ಕೆ ಇನ್ನೊಬ್ಬ ಹಿಡೀತಾನೆ, 24 ಗಂಟೆ ಯಾರು ಕಾಯ್ತಾರೆ?

ಅದಕ್ಕಿಂತ ದೊಡ್ಡ ತಲೆನೋವು ಧೂಳು. ಮುಟ್ಟಿದ್ದು ಮಾತ್ರ ಸಾಯೋದು ಅಂದ್ಮೇಲೆ ನಡುವೆ ಧೂಳು, ಬೆವರು, ಕೈ ಜಿಡ್ಡು ಕೂತರೆ ಮುಗೀತು. ಸತ್ತ ಬ್ಯಾಕ್ಟೀರಿಯಾಗಳೂ ಅಲ್ಲೇ ಪದರ ಕಟ್ತವೆ. ಹಾಗಾದ್ರೆ ಒರೆಸೋಣ ಅಂತೀರಾ? ಸೋಪಿನ ಪುಡಿಯದ್ದು ಮೈನಸ್ ಚಾರ್ಜ್, ಹೋಗಿ ಕೋಟಿಂಗಿನ ಪ್ಲಸ್ಸಿಗೇ ಅಂಟಿಕೊಂಡು ಅದನ್ನ ಮುಚ್ಚಿಬಿಡುತ್ತೆ. ಬರೀ ನೀರಲ್ಲಿ ಒರೆಸಿದ್ರೆ ನಮ್ಮ ಬೋರಿನ ಸವಳು ನೀರು ಸುಮ್ನೆ ಬಿಡಲ್ಲ. ಸ್ಟೀಲ್ ನಲ್ಲಿಯ ಬುಡದಲ್ಲಿ ಉಗುರಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಲ್ಲ, ಆ ಬಿಳಿ ಕರೆ, ಅದೇ ಕೋಟಿಂಗಿನ ಮೇಲೂ ಕೂರುತ್ತೆ. ಆರು ತಿಂಗಳು ಇಲ್ಲಿಯ ನೀರಲ್ಲಿ ಒರೆಸಿದ ಮೇಲೆ ಮಾಡಿದ ಟೆಸ್ಟಿನ ರಿಪೋರ್ಟ್ ಇದ್ರೆ ಕೊಡ್ರಿ ಅಂತ ಮಾರೋರನ್ನ ಕೇಳು, ಇಲ್ಲಾಂದ್ರೆ ಬಾಗಿಲಿಗೆ ಬೇಡ ಅಂತ ಗೆಳೆಯನಿಗೆ ಅಂದೆ.

ನಿಜವಾಗಿ ಇದು ಬೇಕಾಗಿರೋದು ಮೂತ್ರದ ಕ್ಯಾಥೆಟರಿಗೆ, ಅಂದ್ರೆ ಮೂತ್ರ ಹೊರಗೆ ಬರೋಕೆ ಹಾಕೋ ಕೊಳವೆಗೆ, ಅಂತ ನನಗನಿಸುತ್ತೆ. ಅದು ದಿನಗಟ್ಟಲೆ ಒದ್ದೆಯಾಗೇ ಮೈಯೊಳಗಿರುತ್ತೆ, ಕೈ ಹಾಕಿ ಒರೆಸೋ ಹಾಗಿಲ್ಲ. ಬ್ಯಾಕ್ಟೀರಿಯಾ ಒಮ್ಮೆ ಲೋಳೆ ಪದರ ಕಟ್ಟಿಕೊಂಡ್ರೆ ಆಂಟಿಬಯಾಟಿಕ್‌ಗೂ ಜಗ್ಗೋದು ಕಷ್ಟ. ಅಲ್ಲೂ ಪ್ರೋಟೀನ್ ಬಂದು ಕೋಟಿಂಗನ್ನ ಮುಚ್ಚುತ್ತೆ ನಿಜ, ಆದ್ರೆ ಆ ಲೋಳೆ ಕಟ್ಟೋದು ಎರಡು ದಿನ ತಡವಾದ್ರೂ ಅಷ್ಟರಲ್ಲಿ ಎಷ್ಟೋ ಜನರ ಕ್ಯಾಥೆಟರ್ ತೆಗೆದೇ ಆಗಿರುತ್ತೆ.