ಅತ್ತೆಯವರ ಜೊತೆ ಕ್ಯಾರವಾನಿನಲ್ಲಿ ಗೋವಾ

ಅತ್ತೆಯವರಿಗೆ ಗೋವಾ ತೋರಿಸಬೇಕು ಅನ್ನೋದು ನಮ್ಮ ಮನೆಯಲ್ಲಿ ಬಹಳ ವರ್ಷಗಳ ಮಾತು. ಧಾರವಾಡದಿಂದ ಗೋವಾ ಏನು ಮಹಾ ದೂರ? ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಆದರೂ ಪ್ರತಿ ಸಲ ಅದು ಮಾತಿನಲ್ಲೇ ಉಳಿಯುತ್ತಿತ್ತು. ಕಾರಣ ಒಂದೇ, ದಾರಿಯಲ್ಲಿ ಟಾಯ್ಲೆಟ್. ಅತ್ತೆಗೆ ಎರಡೂ ಮೊಣಕಾಲು ಸವೆದಿವೆ, ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ಹೆದ್ದಾರಿ ಪಕ್ಕದ ಹೋಟೆಲಿನ ಹಿಂದೆ ಒದ್ದೆ ನೆಲ, ಎತ್ತರದ ಮೆಟ್ಟಿಲು, ಮುರಿದ ಚಿಲಕ. ಅದನ್ನು ನೆನೆಸಿಕೊಂಡೇ ಅವರು ಪ್ರಯಾಣ ಬೇಡ ಅನ್ನುತ್ತಿದ್ದರು. ಹಿಂದೊಮ್ಮೆ ಪಂಢರಪುರಕ್ಕೆ ಬಸ್ಸಿನಲ್ಲಿ ಹೋದಾಗ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಟ್ಟಿದ್ದರಂತೆ. ಈ ಕಥೆಯನ್ನು ಅವರು ಗಂಡಸರ ಮುಂದೆ ಹೇಳುವುದಿಲ್ಲ. ನನಗೆ ಮಾತ್ರ ಹೇಳಿದ್ದರು.

ಮೈದುನ ಕ್ಯಾರವಾನ್ ಮಾಡಿಸಿದ ಮೇಲೆ ಆ ಅಡ್ಡಿ ಹೋಯಿತು. ಟೆಂಪೊ ಟ್ರಾವೆಲರ್ ಗಾಡಿಯ ಒಳಭಾಗ ಪೂರ್ತಿ ಬದಲಾಯಿಸಿ, ಆರ್‌ಸಿಯಲ್ಲಿ ಮೋಟಾರ್ ಕ್ಯಾರವಾನ್ ಅಂತಲೇ ನೋಂದಾಯಿಸಿದ್ದಾನೆ. ಒಟ್ಟು ತೂಕ 7500 ಕಿಲೊ ಒಳಗಿರುವುದರಿಂದ ಓಡಿಸಲು ಕಾರಿನ ಲೈಸೆನ್ಸೇ ಸಾಕು. ಹಿಂದೆ ಅಡ್ಡಲಾಗಿ ಮಂಚ, ನಡುವೆ ಬಿಚ್ಚಿದರೆ ಹಾಸಿಗೆಯಾಗುವ ಸೀಟು, ಇಂಡಕ್ಷನ್ ಒಲೆ, ಸಣ್ಣ ಫ್ರಿಡ್ಜ್, 100 ಲೀಟರಿನ ನೀರಿನ ಟ್ಯಾಂಕ್, ತಲೆ ಮೇಲೆ ಸೋಲಾರ್. ಬಾಗಿಲ ಪಕ್ಕದಲ್ಲಿ ಬಚ್ಚಲು ಮತ್ತು ಕಮೋಡ್. ಕಮೋಡಿನ ಕೆಳಗೆ ಸುಮಾರು 20 ಲೀಟರ್ ಹಿಡಿಯುವ ಪೆಟ್ಟಿಗೆ ಇರುತ್ತದೆ, ಕ್ಯಾಸೆಟ್ ಅಂತಾರೆ. ವಾಸನೆ ಬರದಂತೆ ಅದಕ್ಕೆ ಔಷಧ ಹಾಕಿರುತ್ತಾರೆ. ತುಂಬಿದಾಗ ಹೊರಗಿನ ಸಣ್ಣ ಬಾಗಿಲಿನಿಂದ ಎಳೆದು ತೆಗೆದು, ಮಾಮೂಲಿ ಶೌಚಾಲಯಕ್ಕೆ ಸುರಿದು ತೊಳೆದಿಡಬೇಕು. ಬಯಲಿಗೆ, ಹಳ್ಳಕ್ಕೆ ಸುರಿಯುವಂತಿಲ್ಲ. ಹೊರಡುವ ಮುಂಚೆ ಅತ್ತೆ ಒಳಗೆ ಹೋಗಿ, ಗೋಡೆಯ ಹಿಡಿಕೆ ಹಿಡಿದು ಕೂತು ಎದ್ದು ನೋಡಿದರು. ಹೊರಗೆ ಬಂದು "ಆತು, ಹೋಗೂಣು" ಅಂದರು. ಅಷ್ಟು ವರ್ಷ ಬೇಡ ಬೇಡ ಅಂದವರು ಆ ಒಂದು ಮಾತಿನಲ್ಲಿ ಒಪ್ಪಿದರು.

ಜನವರಿಯಲ್ಲಿ ಹೊರಟೆವು. ಅಳ್ನಾವರ, ಲೋಂಡಾ, ರಾಮನಗರ, ಆಮೇಲೆ ಅನಮೋಡ ಘಾಟಿ ಇಳಿದರೆ ಮೊಲ್ಲೆಂ. ಎಲ್ಲರೂ ಅಲ್ಲಿಂದ ನೇರ ಸಮುದ್ರಕ್ಕೆ ಓಡುತ್ತಾರೆ. ನಾವು ಬಲಕ್ಕೆ ತಿರುಗಿ ಕಾಡಿನೊಳಗಿನ ತಾಂಬ್ಡಿ ಸುರ್ಲಾಕ್ಕೆ ಹೋದೆವು. ಗೋವಾದಲ್ಲಿ ಕದಂಬರ ಕಾಲದ್ದು ಅಂತ ಪೂರ್ತಿಯಾಗಿ ಉಳಿದಿರುವ ಕಲ್ಲಿನ ಗುಡಿ ಇದೊಂದೇ. ಸಣ್ಣದು, ಕರಿಗಲ್ಲಿನದು. ಸುತ್ತ ದಟ್ಟ ಕಾಡಿದ್ದದ್ದರಿಂದಲೇ ಉಳಿದುಕೊಂಡಿತು ಅನ್ನುತ್ತಾರೆ. ಮಂಟಪದ ನಡುವೆ ನಂದಿ ಇದೆ, ತಲೆ ಇಲ್ಲ. ಒಂದು ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುತ್ತಿರುವ ಕೆತ್ತನೆ ಇದೆ. ಅತ್ತೆ ಕೋಲೂರಿಕೊಂಡು ನಿಧಾನಕ್ಕೆ ನಡೆದು ಬಂದು, ಕಂಬ ಮುಟ್ಟಿ, "ಇದು ನಮ್ಮ ದೇಗಾಂವಿ ಗುಡಿ ಇದ್ದಂಗ ಐತಲ್ಲ" ಅಂದರು. ಅವರು ಹೇಳಿದ್ದು ಸರಿ. ಕಿತ್ತೂರಿನ ಹತ್ತಿರದ ದೇಗಾಂವಿಯ ಕಮಲನಾರಾಯಣ ಗುಡಿಯನ್ನು ಕಟ್ಟಿಸಿದ್ದು ಗೋವೆಯ ಕದಂಬರ ರಾಣಿ ಕಮಲಾದೇವಿ. ಗೋವಾದ ಸರ್ಕಾರಿ ಬಸ್ಸಿಗೆ ಇವತ್ತಿಗೂ ಕದಂಬ ಅಂತಲೇ ಹೆಸರು. ದಾರಿಯುದ್ದಕ್ಕೂ ಬಸ್ಸು ಎದುರಾದಾಗಲೆಲ್ಲ ಅತ್ತೆ ಅದನ್ನು ಓದಿ ಹೇಳುತ್ತಿದ್ದರು.

ಹಳೇ ಗೋವಾದಲ್ಲಿ ಜಾಸ್ತಿ ಹೊತ್ತು ಇರಲಿಲ್ಲ. 1605ರಲ್ಲಿ ಕಟ್ಟಿ ಮುಗಿಸಿದ ಬಾಮ್ ಜೀಸಸ್ ಬೆಸಿಲಿಕಾದ ತಂಪಿನಲ್ಲಿ ಸುಮ್ನೆ ಕೂತು ಬಂದೆವು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಅವಶೇಷ ಇರುವುದು ಅಲ್ಲೇ. ಆಮೇಲೆ ಜುವಾರಿ ನದಿಯ ಹೊಸ ಸೇತುವೆ ದಾಟಿ ದಕ್ಷಿಣಕ್ಕೆ ಹೊರಟೆವು. ಉತ್ತರದ ಗದ್ದಲದ ಬೀಚುಗಳನ್ನು ಮೊದಲೇ ಬಿಟ್ಟಿದ್ದೆವು. ಅಲ್ಲಿ ಈ ಅಳತೆಯ ಗಾಡಿಗೆ ನಿಲ್ಲಲು ಜಾಗ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಗೋವಾದ ಹಳ್ಳಿ ರಸ್ತೆಗಳಲ್ಲಿ ಕ್ಯಾರವಾನ್ ಓಡಿಸುವವರಿಗೆ ಒಂದೆರಡು ಮಾತು ಹೇಳಲೇಬೇಕು. ಎರಡೂ ಕಡೆ ಜಂಬಿಟ್ಟಿಗೆ ಕಲ್ಲಿನ ಕಂಪೌಂಡ್, ನಡುವೆ ಕಿರಿದಾದ ರಸ್ತೆ, ತಲೆ ಮೇಲೆ ಜೋತುಬಿದ್ದ ಕೇಬಲ್ ವೈರು. ಗಾಡಿಯ ಎತ್ತರ ಎಷ್ಟು ಅನ್ನೋದು ಡ್ರೈವರಿಗೆ ಬಾಯಿಪಾಠ ಇರಬೇಕು. ನಮ್ಮ ಯಜಮಾನರು ಎಷ್ಟೋ ಕಡೆ ಇಳಿದು ಮುಂದೆ ನಡೆದು ದಾರಿ ತೋರಿಸಿದರು. ನೆರಳು ಅಂತ ತೆಂಗಿನ ಮರದ ಕೆಳಗೆ ನಿಲ್ಲಿಸಬಾರದು, ಕಾಯಿ ಬಿದ್ದರೆ ಸೋಲಾರ್ ಫಲಕ ಹೋಯಿತು. ಮರಳಿನ ಮೇಲಂತೂ ಇಳಿಸಲೇಬಾರದು. ಗಾಡಿ ಹೂತುಹೋಗುತ್ತದೆ, ಜೊತೆಗೆ ಬೀಚಿನ ಮೇಲೆ ವಾಹನ ಓಡಿಸುವುದು ಗೋವಾದಲ್ಲಿ ಅಪರಾಧ. ಬಯಲಲ್ಲಿ ಒಲೆ ಹಚ್ಚಿ ಅಡುಗೆ ಮಾಡುವುದಕ್ಕೂ ಪ್ರವಾಸಿ ಜಾಗಗಳಲ್ಲಿ ನಿಷೇಧವಿದೆ. 2022ರಲ್ಲಿ ಪ್ರವಾಸೋದ್ಯಮ ಇಲಾಖೆ ಹೊರಡಿಸಿದ ಆದೇಶದ ಪ್ರಕಾರ ದಂಡ 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ಇತ್ತು. ಬೀಚಿನಲ್ಲಿ ಬಿಸಾಡಿದ ಎಲೆ, ಬಾಟಲಿ ನೋಡಿದವರಿಗೆ ಆ ನಿಯಮ ಜಾಸ್ತಿಯಾಯಿತು ಅನಿಸುವುದಿಲ್ಲ. ನಾವು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು ಹೋಗಿದ್ದೆವು. ಬೇಳೆ, ಅನ್ನ, ಪಲ್ಯ ಎಲ್ಲಾ ಗಾಡಿಯೊಳಗೇ ಆಗುತ್ತಿತ್ತು.

ಇನ್ನು ಸೆಕೆ. ಜನವರಿಯಲ್ಲೂ ಹಗಲು 32 ಡಿಗ್ರಿ ಇರುತ್ತದೆ, ಜೊತೆಗೆ ಅಂಟುವ ಬೆವರು. ಬ್ಯಾಟರಿಯಲ್ಲಿ ರಾತ್ರಿಯಿಡೀ ಎಸಿ ಓಡುವುದಿಲ್ಲ, ಹೊರಗಿನ ಕರೆಂಟ್ ಬೇಕು. ಕರೆಂಟ್ ಇಲ್ಲದ ಕಡೆ ಗಾಳಿಯ ದಿಕ್ಕು ತಿಳಿದಿದ್ದರೆ ಬದುಕಿದಂತೆ. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಸಮುದ್ರದಿಂದ ಬೀಸುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ಗುಡ್ಡದ ಕಡೆಯಿಂದ ಸಮುದ್ರದ ಕಡೆಗೆ ತಿರುಗುತ್ತದೆ. ಅದಕ್ಕೇ ರಾತ್ರಿ ಮಲಗುವಾಗ ಪೂರ್ವದ ಕಿಟಕಿಗಳನ್ನು ತೆಗೆದಿಟ್ಟು ಸೊಳ್ಳೆ ಪರದೆ ಎಳೆಯುತ್ತಿದ್ದೆವು. ನಡುರಾತ್ರಿ ದಾಟಿದ ಮೇಲೆ ಹೊದಿಕೆ ಬೇಕಾಗುತ್ತಿತ್ತು.

ಕಾಬೊ ದೆ ರಾಮಾ ಕೋಟೆಗೆ ಅತ್ತೆ ಇಳಿಯಲಿಲ್ಲ, ನಾವೇ ಹೋಗಿಬಂದೆವು. ಕೆಳಗೆ ಬಂಡೆಗೆ ಬಡಿಯುವ ಸಮುದ್ರ, ಮೇಲೆ ಒಣಹುಲ್ಲು. ಈ ಕೋಟೆ ನಮ್ಮ ಶಿರಸಿ ಹತ್ತಿರದ ಸೋದೆ ಅರಸರ ಕೈಯಲ್ಲಿತ್ತು. 1763ರಲ್ಲಿ ಪೋರ್ಚುಗೀಸರ ಪಾಲಾಯಿತು. ಹೈದರಾಲಿಯ ದಂಡು ಬಂದಾಗ ಸೋದೆಯ ಅರಸು ಮನೆತನ ಆಶ್ರಯ ಪಡೆದದ್ದೂ ಗೋವಾದಲ್ಲೇ.

ಅಲ್ಲಿಂದ ಹೊರಟು ಅದೇ ಕಾಣಕೋಣ ತಾಲ್ಲೂಕಿನ ಒಂದು ಬೀಚಿನ ಹತ್ತಿರ ಬೀಡುಬಿಟ್ಟೆವು. ಆ ಬೀಚಿನ ಹೆಸರು ಬೇಕಂತಲೇ ಬರೆಯುತ್ತಿಲ್ಲ, ಮುಂದೆ ಹೇಳುವ ಹೆಂಗಸರಿಗೆ ತೊಂದರೆ ಆಗಬಾರದು. ರಾತ್ರಿ ಒಂದು ಹೋಮ್‌ಸ್ಟೇ ಕಂಪೌಂಡಿನಲ್ಲಿ ನಿಲ್ಲುತ್ತಿದ್ದೆವು. ಅಲ್ಲಿನ ವಾಚ್‌ಮನ್ ಕೊಪ್ಪಳದ ಕಡೆಯವರು. ನಮ್ಮ ಮಾತು ಕೇಳಿದ್ದೇ ಬಾವಿಯ ಪಂಪಿಗೆ ಪೈಪು ಜೋಡಿಸಿ ಟ್ಯಾಂಕ್ ತುಂಬಿಸಿಕೊಟ್ಟರು. ನೀರು, ಕರೆಂಟ್, ಕ್ಯಾಸೆಟ್ ಸುರಿಯಲು ಜಾಗ, ಈ ಮೂರಕ್ಕೂ ಅವರನ್ನೇ ಕೇಳುವುದು ಅಂತಾಯಿತು. ಹಗಲು ಗಾಡಿಯನ್ನು ಬೀಚಿನ ಪಾರ್ಕಿಂಗಿಗೆ ತಂದು, ಬಾಗಿಲು ಸಮುದ್ರಕ್ಕೆ ಬರುವಂತೆ ನಿಲ್ಲಿಸುತ್ತಿದ್ದೆವು. ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ದಿನವಿಡೀ ನೋಡಿದರೂ ಅವರಿಗೆ ಸಮುದ್ರ ಸಾಕಾಗಲಿಲ್ಲ.

ಅಲ್ಲಿಗೆ ಬಂದವಳು ಒಬ್ಬ ಲಂಬಾಣಿ ಹೆಂಗಸು. ತಲೆ ಮೇಲೆ ಬಟ್ಟೆ ಗಂಟು, ತೋಳಿನ ತುಂಬ ಮಣಿಸರ, ಕಾಲ್ಗೆಜ್ಜೆ.

"ಧಾರವಾಡದಾವ್ರೇನ್ರಿ ಅಮ್ಮಾರ? ಗಾಡಿ ಮ್ಯಾಲೆ ಕೆಎ 25 ಐತಿ."

"ಹೌದವಾ. ನಿಂದ್ಯಾವೂರು?"

"ಮುಂಡರಗಿ ಕಡೀ ತಾಂಡಾ ರೀ."

ಅಷ್ಟೇ, ಗಂಟು ಕೆಳಗಿಳಿಯಿತು. ಅವಳು ಕೂತ ಕಡೆಯೇ ಮಣಿ ಪೋಣಿಸುತ್ತಾ ಮಾತಾಡಿದಳು. ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿ ಬಿಗಿಹಿಡಿದು, ಮೂರು ಬಿಳಿ ಮಣಿಗೆ ಒಂದು ನೀಲಿ, ಆಮೇಲೆ ಒಂದು ಗೆಜ್ಜೆ. ಕಣ್ಣು ಮಾತ್ರ ಬೀಚಿನ ಮೇಲೇ. ಬೀಚಿನಲ್ಲಿ ಹೀಗೆ ತಿರುಗಾಡಿ ಮಾರಲು ಅನುಮತಿ ಇಲ್ಲ, ಪೊಲೀಸರು ಕಂಡರೆ ಗಂಟು ಎತ್ತಿಕೊಂಡು ಹೊರಡಬೇಕು. ದೀಪಾವಳಿ ಆದಮೇಲೆ ಬರುತ್ತಾರೆ, ಮಳೆಗೆ ಮುಂಚೆ ಬಿತ್ತನೆಗೆ ಊರಿಗೆ ವಾಪಸ್. ಕನ್ನಡ, ಲಂಬಾಣಿ, ಹಿಂದಿ, ಕೊಂಕಣಿ ಬರುತ್ತದೆ. ಇಂಗ್ಲಿಷಿನಲ್ಲಿ, ರಷ್ಯನ್ನಿನಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು. ಶಾಲೆ ಮೆಟ್ಟಿಲು ಹತ್ತಿದವಳಲ್ಲ.

ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾರ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಗಾಡ್ಯಾಗ ಸಂಡಾಸ ಐತೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಅತ್ತೆ ಒಳಗಿನಿಂದ "ಬಾರವಾ ಒಳಗ" ಅಂದರು. ಅವರೇ ಎದ್ದು ನೀರು ಬಿಡುವ ಗುಂಡಿ ತೋರಿಸಿಕೊಟ್ಟರು.

ಆಮೇಲೆ ಅವಳು ಹೇಳಿದ್ದು ಕೇಳಿ ನನಗೆ ಹೊಟ್ಟೆ ಉರಿಯಿತು. ಶ್ಯಾಕುಗಳಲ್ಲಿ, ಅಂದರೆ ಬೀಚಿನ ಮೇಲಿನ ಗುಡಿಸಲು ಹೋಟೆಲುಗಳಲ್ಲಿ, ಟಾಯ್ಲೆಟ್ ಇರುವುದು ಗಿರಾಕಿಗಳಿಗೆ. ಸಾರ್ವಜನಿಕ ಶೌಚಾಲಯ ಬೀಚಿನ ಆ ತುದಿಯಲ್ಲಿದೆ, ತೆರೆಯುವುದು ತಡ, ಪ್ರತಿ ಸಲ ದುಡ್ಡು. ಅದಕ್ಕೇ ಕತ್ತಲಿರುವಾಗಲೇ ಎದ್ದು ಗಾಳಿಮರದ ತೋಪಿಗೆ ಹೋಗಿ ಬಂದರೆ, ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳುವುದು. ಅಷ್ಟು ಬಿಸಿಲಲ್ಲಿ ತಿರುಗಿದರೂ ನೀರು ಕುಡಿಯುವುದಿಲ್ಲ. "ಉರಿ ಮೂತ್ರ ಅಂತೂ ಎಲ್ಲಾರಿಗೂ ಐತ್ರಿ" ಅಂದಳು, ನೆಗಡಿ ಐತ್ರಿ ಅನ್ನುವಷ್ಟು ಸಹಜವಾಗಿ. ಅತ್ತೆ ನನ್ನ ಮುಖ ನೋಡಿದರು. ಪಂಢರಪುರದ ಬಸ್ಸು ಇಬ್ಬರಿಗೂ ನೆನಪಾಗಿತ್ತು. ಆದರೆ ಅತ್ತೆಗೆ ಅದು ಒಂದು ಯಾತ್ರೆಯ ಕಷ್ಟ. ಇವಳಿಗೆ ಇದು ದೀಪಾವಳಿಯಿಂದ ಮೇ ತನಕ, ಪ್ರತಿ ದಿನ.

"ನಾಳೆ ನಿನ್ನ ಜೋಡಿ ಇದ್ದಾವರನ್ನೂ ಕರ್ಕೊಂಡು ಬಾ" ಅಂದರು ಅತ್ತೆ.

ಬಂದರು. ಮೊದಲು ಅಂಜುತ್ತಾ ಇಬ್ಬರು, ಆಮೇಲೆ ಇನ್ನಷ್ಟು ಜನ. ಒಬ್ಬಳ ಕಂಕುಳಲ್ಲಿ ಕೂಸು. ಅತ್ತೆ ಅವರಿಗೆಲ್ಲ ಮೊದಲು ಒಂದೊಂದು ಚೊಂಬು ನೀರು ಕುಡಿಸುತ್ತಿದ್ದರು, ಕುಡಿಯದೆ ಬಿಡುತ್ತಿರಲಿಲ್ಲ. ಕ್ಯಾಸೆಟ್ ಈಗ ದಿನಕ್ಕೆರಡು ಸಲ ತುಂಬತೊಡಗಿತು. ಮೈದುನ ಒಂದು ಮಾತೂ ಆಡದೆ ಅದನ್ನು ಹೋಮ್‌ಸ್ಟೇಗೆ ಒಯ್ದು ಸುರಿದು ತೊಳೆದು ತರುತ್ತಿದ್ದ. ಆ ಹುಡುಗನ ಬಗ್ಗೆ ನನಗೆ ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ವಾಚ್‌ಮನ್ ಕೂಡ "ಇರಲಿ ಬಿಡ್ರಿ, ನಮ್ಮ ಮಂದೀನ" ಅಂತ ಔಷಧಿ ಬಾಟಲಿ ತಾವೇ ಹಿಡಿದು ನಿಲ್ಲುತ್ತಿದ್ದರು. ಹೊರಡಬೇಕಾದ ದಿನ ಅತ್ತೆ ಹೊರಡಲು ಒಪ್ಪಲಿಲ್ಲ. ಒಂದು ದಿನ ಅಂತ ಮುಂದೆ ಹಾಕಿದ್ದು ಹಾಗೇ ಇನ್ನಷ್ಟು ದಿನವಾಯಿತು. ನೋಡಬೇಕು ಅಂದುಕೊಂಡಿದ್ದ ಎರಡು ಮೂರು ಜಾಗ ಬಿಟ್ಟುಹೋದವು, ಯಾರಿಗೂ ಬೇಜಾರಿರಲಿಲ್ಲ.

ಕೊನೆಗೆ ಹೊರಟಾಗ ಗಾಲ್ಜಿಬಾಗ್ ಬೀಚಿನಲ್ಲಿ ಮಾತ್ರ ನಿಂತೆವು. ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ಜಾಗ ಅದು. ಗೂಡುಗಳ ಸುತ್ತ ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ. ಮರಿಗಳು ಹೊರಬಂದಾಗ ಬೆಳಕು ಕಂಡ ಕಡೆ ಹರಿಯುತ್ತವೆ. ಅದಕ್ಕೇ ಅಂಥ ಕಡೆ ರಾತ್ರಿ ಗಾಡಿಯ ಹೊರದೀಪ ಹಚ್ಚಬಾರದು. ಅಲ್ಲಿಂದ ಪೋಳೆಂ ಗಡಿ ದಾಟಿ ಕಾರವಾರ, ಆಮೇಲೆ ಮನೆ.

ಮನೆಗೆ ಬಂದ ವಾರದಲ್ಲೇ ಅತ್ತೆ ನನ್ನಿಂದ ಒಂದು ಪತ್ರ ಬರೆಸಿದರು, ಆ ಊರಿನ ಪಂಚಾಯಿತಿಗೆ. ಪಾರ್ಕಿಂಗ್‌ಗೆ ದುಡ್ಡು ತಗೋತೀರಿ, ಒಳ್ಳೆಯದು. ಅದರಲ್ಲಿ ಬೀಚಿನ ಈ ಕಡೆಗೂ ಒಂದು ಶೌಚಾಲಯ ಕಟ್ಟಿಸಿ. ಬೆಳಗಿನ ಐದಕ್ಕೇ ತೆರೆಯಿರಿ. ಅಲ್ಲಿ ದುಡಿಯುವ ಹೆಂಗಸರ ಹತ್ತಿರ ಕಾಸು ಕೇಳಬೇಡಿ. ಒಂದಾದರೂ ಕಮೋಡ್ ಇರಲಿ, ಮೊಣಕಾಲು ನೋವಿನವರಿಗೆ. ಪರಿಚಯದವರೊಬ್ಬರಿಂದ ಕೊಂಕಣಿಯಲ್ಲಿ ಬರೆಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಮುಂಡರಗಿಯಿಂದ ಅವಳು ಫೋನ್ ಮಾಡಿದಾಗಲೆಲ್ಲ ಅತ್ತೆ ಅದನ್ನೇ ಕೇಳುತ್ತಾರೆ, ಕಟ್ಟೋದು ಶುರು ಮಾಡ್ಯಾರೇನು ಅಂತ. ದೀಪಾವಳಿಗೆ ಅವರೆಲ್ಲ ಮತ್ತೆ ಹೊರಡುವ ಮುಂಚೆ ಇನ್ನೊಂದು ಪತ್ರ ಹೋಗಬೇಕು ಅಂತ ಹೇಳಿದ್ದಾರೆ. ಈ ಸಲ ಸಹಿಯನ್ನು ತಾವೇ ಹಾಕುತ್ತಾರಂತೆ.