ನೀರು ಆಗದವರು ನಮ್ಮೂರಿಗೆ ಬಂದರೆ

ಮೊನ್ನೆ ಮಂಡ್ಯ ಹತ್ತಿರದ ನಮ್ಮೂರಿಗೆ ಹೋಗಿದ್ದಾಗ ಅಪ್ಪನ ಜೊತೆ ಕೂತು ‘ಸೈನ್ಸ್’ ನೋಡಿದೆ. ವಿಜ್ಞಾನದ ಸೈನ್ಸ್ ಅಲ್ಲ, ಗುರುತು ಅನ್ನೋ ಸೈನ್. ಎಂ. ನೈಟ್ ಶ್ಯಾಮಲನ್ ಅವರ 2002ರ ಚಿತ್ರ. ಪೆನ್ಸಿಲ್ವೇನಿಯಾದ ಮುಸುಕಿನ ಜೋಳದ ಹೊಲದಲ್ಲಿ ರಾತ್ರೋರಾತ್ರಿ ಭಾರೀ ವೃತ್ತಗಳು ಮೂಡಿರುತ್ತವೆ, ಅನ್ಯಗ್ರಹದವರು ಬರುವ ಗುರುತು.

‘ಹಂದಿ ನುಗ್ಗದೆ ಕಣ್ಲಾ’ ಅಂದರು ಅಪ್ಪ.

ಇಂಗ್ಲೆಂಡಿನಲ್ಲಿ ಇಂಥ ವೃತ್ತ ನೋಡಿ ಜನ ತಲೆ ಕೆಡಿಸಿಕೊಂಡಿದ್ದರು. 1991ರಲ್ಲಿ ಇಬ್ಬರು ಬಂದು, ಹಲಗೆ ಹಗ್ಗ ಹಿಡಿದು ಪೈರು ಮಲಗಿಸಿದ್ದು ನಾವೇ ಅಂತ ಒಪ್ಪಿಕೊಂಡರು. ನಮ್ಮ ಕಬ್ಬಿನಲ್ಲಿ ಆ ಆಟ ನಡೆಯದು ಬಿಡಿ. ಹತ್ತು ತಿಂಗಳ ಕಬ್ಬು ಆಳಿಗಿಂತ ಎತ್ತರ, ಗರಿಯ ಅಂಚು ಗರಗಸ. ಅರೆತೋಳಿನ ಅಂಗಿಯಲ್ಲಿ ನುಗ್ಗಿ ಬಂದರೆ ಸಂಜೆ ಸ್ನಾನದ ಮೊದಲ ಚೊಂಬಿಗೇ ತೋಳೆಲ್ಲ ಧಗಧಗ.

ಕೊನೆಗೆ ಆ ಅನ್ಯಗ್ರಹದವರಿಗೂ ಅದೇ ಗತಿ. ಮನೆಯ ಪುಟ್ಟ ಹುಡುಗಿ ಅಲ್ಲಲ್ಲಿ ಕುಡಿದು ಬಿಟ್ಟ ಲೋಟದ ನೀರು ಮೈಮೇಲೆ ಬಿದ್ದರೆ ಸುಟ್ಟೇಹೋಗುತ್ತಾರೆ. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಭಾಗ ನೀರು! ಅದೂ ಬಟ್ಟೆಯಿಲ್ಲದೆ ಬಂದಿದ್ದಾರೆ. ಬರುವ ಮುಂಚೆ ಒಂದು ಸಲ ಮೇಲಿಂದ ಬಗ್ಗಿ ನೋಡಬಾರದಿತ್ತಾ?

ನೀರಿಗಾಗಿಯೇ ದಾಳಿ ಮಾಡೋರೂ ಇದ್ದಾರೆ ಅಂತ ಅಪ್ಪನಿಗೆ 2011ರ ‘ಬ್ಯಾಟಲ್: ಲಾಸ್ ಏಂಜಲೀಸ್’ ಕಥೆ ಹೇಳಿದೆ. ಅಪ್ಪ ನೆಟ್ಟಗೆ ಕೂತರು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆ. ನೀರಿನ ಮಾತು ಬಂದರೆ ಅವರಿಗೆ ನಿದ್ದೆ ಬರಲ್ಲ.

‘ನೀರು ಇಲ್ ಬುಟ್ಟು ಬ್ಯಾರೆ ಎಲ್ಲೂ ಇಲ್ವಾ?’

ಇದೆ ಅಂದೆ. ಗುರುಗ್ರಹಕ್ಕೆ ಯುರೋಪಾ ಅಂತ ಒಂದು ಚಂದ್ರ. ಅದರ ಹಿಮದ ಕೆಳಗೆ ನಮ್ಮ ಸಮುದ್ರಗಳ ಎರಡರಷ್ಟು ನೀರಿರಬಹುದು ಅಂತ ವಿಜ್ಞಾನಿಗಳ ಅಂದಾಜು. ನಮಗಿಂತ ಎಷ್ಟೋ ಆಚೆ ಇದೆ, ಹೊರಗಿನಿಂದ ಬರೋರಿಗೆ ಹತ್ತಿರ.

‘ಮೇಲ್ಗಡೆ ತೂಬು ಬುಟ್ಟು ಕಡೆ ಗದ್ದೆಗೆ ನೀರು ಕದಿಯಾಕ್ ಬಂದವ್ರಾ? ನಲವತ್ತು ವರ್ಷದಿಂದ ನಾಲೆ ನೋಡ್ತಾವ್ನಿ, ಅಂಥೋನ್ನ ಒಬ್ಬನ್ನೂ ಕಾಣೆ.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಲಿವುಡ್‌ನವರ ಹತ್ತಿರವೂ ಇರಲಿಕ್ಕಿಲ್ಲ.

ಹನ್ನೊಂದೂವರೆಗೆ ನೀರುಗಂಟಿಯ ಫೋನ್ ಬಂತು. ಅಪ್ಪ ಪಂಚೆ ಎತ್ತಿ ಕಟ್ಟಿ, ಗುದ್ದಲಿ, ಬ್ಯಾಟರಿ ಹಿಡಿದು ಹೊರಟರು. ಬಾಗಿಲಲ್ಲಿ ನಿಂತು ಹೇಳಿದರು: ‘ಚಿಲಕ ಹಾಕ್ಕಳ್ಲಾ. ಕಬ್ಬಿನೊಳಗೆ ಚಿರತೆ ಸೇರ್ಕಂಡದೆ ಅಂತಾವ್ರೆ.’